ಬಲಗಡೆ ಕುರ್ಚಿಯವಳು

ಹಿರುಕಾವಾನನ್ನು ನಾನು ಮೊದಲಿನಿಂದಲೂ ನಂಬಿರಲಿಲ್ಲ. ಅವನು ಮಾರಾಟ ವಿಭಾಗದವನು, ನಾನು ಆಟವನ್ನು ಹದ ಮಾಡುವವಳು. ನಮ್ಮ ಕಂಪನಿಯಲ್ಲಿ ಈ ಎರಡು ಪಂಗಡದವರು ಒಂದೇ ಮೇಜಿನಲ್ಲಿ ಕೂತು ಊಟ ಮಾಡಿದ್ದನ್ನು ಕಂಡವರಿಲ್ಲ. ಸಾಲದ್ದಕ್ಕೆ ಅವನು ಯಾವಾಗಲೂ ನಗುತ್ತಿದ್ದ. ಕಾರಣವಿಲ್ಲದೆ ನಗುವವರನ್ನು ಕಂಡರೆ ನನ್ನ ಕೈ ತಾನಾಗಿ ಹೋಗಿ ಚೀಲದ ಜಿಪ್ಪು ಹಾಕಿದೆಯೇ ಎಂದು ನೋಡಿಕೊಳ್ಳುತ್ತದೆ.

ನಾವು ಒಸಾಕಾದಲ್ಲಿ ಹೊಡೆದಾಟದ ವಿಡಿಯೋ ಗೇಮ್ ಮಾಡುವವರು. ಪರದೆಯ ಮೇಲೆ ಇಬ್ಬರು ಜಟ್ಟಿಗಳು, ಪರದೆಯ ಮುಂದೆ ಇಬ್ಬರು ಮನುಷ್ಯರು. ಯಾರ ಗುದ್ದು ಎಷ್ಟು ಬೇಗ ತಾಗಬೇಕು, ಯಾರ ಒದೆ ಎಷ್ಟು ನೋಯಬೇಕು, ಬಿದ್ದವನು ಏಳಲು ಎಷ್ಟು ಹೊತ್ತು ಹಿಡಿಯಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಅಡುಗೆಮನೆಯಲ್ಲಿ ಉಪ್ಪು ನೋಡುವವಳಿದ್ದ ಹಾಗೆ. ಸರಿಯಿದ್ದರೆ ಯಾರೂ ಹೆಸರೆತ್ತುವುದಿಲ್ಲ. ಹೆಚ್ಚುಕಡಿಮೆಯಾದರೆ ಊರೆಲ್ಲ ನುಕಾಗಾ ಫುಸಾಯೆ ಎಂಬ ನನ್ನನ್ನೇ ಹುಡುಕಿಕೊಂಡು ಬಂದು ಬೈಯುತ್ತದೆ.

ಆ ವರ್ಷ ನಮ್ಮ ಆಟದ ಐದನೆಯ ಭಾಗ ಹೊರಬರಬೇಕಿತ್ತು. ಅದರಲ್ಲಿ ಹದಿನಾರು ಜಟ್ಟಿಗಳಿಗೆ ಜಾಗ. ಹದಿನೈದು ನಿಕ್ಕಿಯಾಗಿತ್ತು. ಉಳಿದ ಒಂದು ಜಾಗಕ್ಕೆ ಇಬ್ಬರು ಬಾಗಿಲಲ್ಲಿ ನಿಂತಿದ್ದರು.

ಒಬ್ಬ ಗೊನ್ರೊಕು. ಮೊದಲ ಭಾಗದಿಂದಲೂ ಇದ್ದವನು. ಅರವತ್ತೆಂಟು ವರ್ಷದ, ಚಾಪೆ ಹೆಣೆಯುವ ಮುದುಕ. ನಿಧಾನಕ್ಕೆ ನಡೆಯುತ್ತಾನೆ, ಹಾರಿದರೆ ಒಂದು ಮೆಟ್ಟಿಲಿನಷ್ಟೂ ಏರುವುದಿಲ್ಲ. ಆದರೆ ಒಮ್ಮೆ ಕೈಗೆ ಸಿಕ್ಕವರನ್ನು ಚಾಪೆಯ ಹಾಗೆ ಸುತ್ತಿ ನೆಲಕ್ಕೆ ಬಡಿಯುತ್ತಾನೆ. ಗೆದ್ದ ಮೇಲೆ ಬೇರೆಯವರ ಹಾಗೆ ಮುಷ್ಟಿ ಎತ್ತಿ ಕೂಗುವುದಿಲ್ಲ, ಕುಕ್ಕರಿಸಿ ಕೂತು ಮೊಣಕಾಲು ಉಜ್ಜಿಕೊಳ್ಳುತ್ತಾನೆ. ಹತ್ತು ವರ್ಷದಿಂದ ನಾನು ಯಾವ ಹೊಸ ಜಟ್ಟಿಯನ್ನು ಹದ ಮಾಡುವುದಿದ್ದರೂ ಮೊದಲು ಗೊನ್ರೊಕುವಿನ ಎದುರು ನಿಲ್ಲಿಸಿ ಹೊಡೆಸುತ್ತಿದ್ದೆ. ಅವನು ನನ್ನ ಅಳತೆಗೋಲು. ಇನ್ನೂ ನೇರವಾಗಿ ಹೇಳುವುದಾದರೆ, ಅವನನ್ನು ಕಂಡರೆ ನನಗೆ ಪ್ರೀತಿ.

ಇನ್ನೊಬ್ಬಳು ಫುಯುಮೆ. ನರಿಯ ಕಿವಿ, ಬೆಳ್ಳಿ ಕೂದಲು, ಮೂರು ಬಾಲ. ನಮ್ಮ ಕಂಪನಿಯದೇ ಮೊಬೈಲ್ ಕಾರ್ಡ್ ಆಟದಲ್ಲಿ ಹುಟ್ಟಿ, ಎರಡು ವರ್ಷದಲ್ಲಿ ದಿಂಬಿನ ಕವರು, ಬಿಸ್ಕತ್ತಿನ ಡಬ್ಬ, ರೈಲ್ವೆ ನಿಲ್ದಾಣದ ಕಂಬ ಎಲ್ಲದರ ಮೇಲೂ ಹತ್ತಿ ಕೂತವಳು. ಹೊಡೆಯಲು ಅವಳಿಗೆ ಏನೇನೂ ಬರುತ್ತಿರಲಿಲ್ಲ. ನಾನೇ ಕಲಿಸಬೇಕಿತ್ತು.

"ನುಕಾಗಾ-ಸಾನ್, ಬೇಜಾರ್ ಮಾಡ್ಕೋಬೇಡಿ," ಎಂದ ಹಿರುಕಾವಾ ಮೀಟಿಂಗಿನಲ್ಲಿ, ಮರ್ಯಾದೆಯ 'ಸಾನ್' ಸೇರಿಸಿ, ನಗುತ್ತಲೇ. "ಹೋದ್ಸಲದ ಸಮೀಕ್ಷೇಲಿ ನಿಮ್ಮ ಮುದುಕ ಕಟ್ಟಕಡೆ. ಅವನ ಗೊಂಬೆ ಮಾಡ್ಸಿದ್ವಲ್ಲ, ಈಗ ಗೋಡೌನಲ್ಲಿ ಇಲಿಗಳು ಅದರ ಮೇಲೆ ಸಂಸಾರ ಹೂಡಿವೆ."

"ಹಾಗಾದ್ರೆ ಗೊಂಬೆ ಅಂಗಡೀನೇ ಇಟ್ಕೊಳ್ಳಿ. ಇದು ಆಟ. ಇಲ್ಲೂ ಮುಖ ನೋಡಿ ಮಣೆ ಹಾಕ್ತೀರಾ?"

"ಮಣೆ ಹಾಕಿದ್ರೂ ಅದರ ಮೇಲೆ ಕೂರೋನನ್ನ ಜನ ತಿರುಗಿ ನೋಡ್ಬೇಕಲ್ವಾ? ರುಚಿ ಇದೆ, ರುಚಿ ಇದೆ ಅಂತೀರಿ. ತಟ್ಟೆ ಮುಟ್ಟೋರೇ ಇಲ್ಲ."

"ಅವನಿಲ್ದಿದ್ರೆ ಆಟ ಹೇಗಿರುತ್ತೆ ಗೊತ್ತಾ ನಿಮ್ಗೆ? ಇಬ್ರೂ ಮೂಲೇಲಿ ಕೈ ಅಡ್ಡ ಇಟ್ಕೊಂಡು ಕೂತ್ಬಿಡ್ತಾರೆ. ಹಂಗೆ ಕೂತೋರನ್ನ ಎಬ್ಬಿಸಿ ಎಸೆಯೋನು ಇವನೊಬ್ನೇ."

"ಆ ಎಬ್ಬಿಸೋ ಕೆಲ್ಸಾನ ಫುಯುಮೆಗೆ ಕಲಿಸ್ಬಿಡಿ. ಬಾಲದಲ್ಲಿ ಎತ್ತಿ ಎಸೀಲಿ. ಮುದುಕನ ಮೊಣಕಾಲಲ್ಲಿ ಅಂಥಾ ಗುಟ್ಟೇನಿದೆ?"

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಉರಿಗೆ ಕಾರಣ ಅವನ ಮಾತು ಸುಳ್ಳೆಂಬುದಲ್ಲ. ಬಾಲದಲ್ಲಿ ಎತ್ತಿ ಎಸೆಯುವುದನ್ನು ನಾನು ಒಂದು ವಾರದಲ್ಲಿ ಕಲಿಸಬಲ್ಲೆ ಎಂದು ನನಗೆ ಗೊತ್ತಿತ್ತು.

ಮುಖ್ಯಸ್ಥ ಒತೊನಾಶಿ ಕಡಿಮೆ ಮಾತಿನ ಮನುಷ್ಯ. ಟೀ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು. "ಇಬ್ರೂ ಸಾಕು ಮಾಡಿ. ನಿಪ್ಪೊಂಬಾಶಿಲಿ ಕುಸಾಕಾ ಅವರ ಗೇಮ್ ಸೆಂಟರ್ ಇದ್ಯಲ್ಲ, ಅಲ್ಲಿ ಮೂರು ದಿನ ಯಂತ್ರ ಇಡೋಣ. ಇಬ್ರನ್ನೂ ಹಾಕಿ. ಯಾರನ್ನ ಜನ ಹೆಚ್ಚು ಆರಿಸ್ತಾರೋ ಅವರಿಗೇ ಜಾಗ. ಆದ್ರೆ ನಮ್ಮವರು ಯಾರೂ ಯಂತ್ರದ ಹತ್ರ ಸುಳಿಯೋ ಹಾಗಿಲ್ಲ, ಪರದೆ ಇಣುಕೋ ಹಾಗಿಲ್ಲ. ಕಂಪನಿಯವರ ವಾಸನೆ ಬಂದ್ರೆ ಆಟಗಾರ್ರು ನಾಟಕ ಶುರು ಮಾಡ್ತಾರೆ."

ಜಾಗ ಗೊತ್ತು ಮಾಡಿದವನು ಯಾರು ಎಂದು ಆಮೇಲೆ ವಿಚಾರಿಸಿದೆ. ಹಿರುಕಾವಾ. ತಾರೀಖು ಹಿಡಿದವನೂ ಹಿರುಕಾವಾ. ಅಲ್ಲಿಗೆ ಬಂದವರಿಗೆ ಹಂಚಲು ಕಾಗದದ ಬೀಸಣಿಗೆ ಮಾಡಿಸಿದವನೂ ಅವನೇ. ಒಂದು ಕಡೆ ಫುಯುಮೆ, ಇನ್ನೊಂದು ಕಡೆ ಗೊನ್ರೊಕು ಎಂದು ಬಾಯಲ್ಲಿ ಹೇಳಿದ್ದ. ಬಂದ ಬೀಸಣಿಗೆಯಲ್ಲಿ ಫುಯುಮೆ ಅಂಗೈಯಗಲ ಇದ್ದಳು. ಗೊನ್ರೊಕು ಹಿಡಿಕೆಯ ಹತ್ತಿರ ಹೆಬ್ಬೆರಳಿನ ಕೆಳಗೆ ಮುಚ್ಚಿಹೋಗುವಷ್ಟಿದ್ದ.

ಇಷ್ಟು ಕಂಡ ಮೇಲೆ ನಾನು ಸುಮ್ಮನಿರುವವಳಲ್ಲ. ಯಂತ್ರಕ್ಕೆ ಹಾಕುವ ಆಟದ ಪ್ರತಿಯನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಸಾಮಾನ್ಯವಾಗಿ ಪ್ರೋಗ್ರಾಮಿಂಗ್ ವಿಭಾಗದವರು ಅದನ್ನು ಒಮ್ಮೆ ತೊಳೆದು ಒರೆಸಿ, ಇನ್ನೊಬ್ಬರು ಪರೀಕ್ಷಿಸಿ, ಆಮೇಲೆ ಕಳಿಸುವುದು ಪದ್ಧತಿ. ಅಷ್ಟು ಕೈ ದಾಟುವಾಗ ಹಿರುಕಾವಾನ ಕೈ ಎಲ್ಲಿ ನುಸುಳುತ್ತದೋ ಯಾರಿಗೆ ಗೊತ್ತು? ನನ್ನ ಮೇಜಿನ ಮೇಲಿದ್ದ ಪ್ರತಿಯನ್ನೇ ಯಂತ್ರದೊಳಗಿನ ಬೋರ್ಡಿಗೆ ತುಂಬಿಸಿ, ಪೆಟ್ಟಿಗೆಗೆ ನಾನೇ ಬೀಗ ಹಾಕಿ, ಬೀಗದ ಕೈ ಕೊರಳಿಗೆ ಕಟ್ಟಿಕೊಂಡೆ.

ಕುಸಾಕಾ ಎಂದರೆ ಎಪ್ಪತ್ತು ದಾಟಿದ ಹೆಂಗಸು. ಆಟಗಾರರಿಗೆಲ್ಲ ಅವಳು ಒಬಾಚಾನ್, ಅಂದರೆ ಚಿಕ್ಕಮ್ಮ. ಏಪ್ರನ್ನಿನ ಜೇಬಿನ ತುಂಬ ಮಿಠಾಯಿ. ಗೆದ್ದವರಿಗೊಂದು, ಸೋತವರಿಗೊಂದು, ಸುಮ್ಮನೆ ನಿಂತವರಿಗೂ ಒಂದು. ಕೌಂಟರಿನ ಪಕ್ಕ ದಾರ ಕಟ್ಟಿದ ದಪ್ಪ ನೋಟ್‌ಬುಕ್ಕು ತೂಗುತ್ತಿತ್ತು. ಅಲ್ಲಿಗೆ ಬರುವವರು ಒಬ್ಬರಿಗೊಬ್ಬರು ಅದರಲ್ಲಿ ಬರೆದಿಡುತ್ತಾರೆ. ಸವಾಲು, ಬೈಗುಳ, ಕ್ಷಮೆ, ಚಿತ್ರ, ಎಲ್ಲವೂ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುವ ಮೊದಲೇ ಮೂವತ್ತು ಜನ ಸಾಲಿನಲ್ಲಿದ್ದರು. ಒಂದು ಪರದೆ, ಅದರ ಮುಂದೆ ಎಡಕ್ಕೊಂದು, ಬಲಕ್ಕೊಂದು ಕುರ್ಚಿ. ಒಂದು ಪಂದ್ಯ ಮುಗಿದರೆ ಇಬ್ಬರೂ ಏಳಬೇಕು, ಮತ್ತೆ ಆಡಬೇಕೆಂದರೆ ಸಾಲಿನ ಕೊನೆಗೆ ಹೋಗಬೇಕು. ನಾನು ಕಾಫಿ ಯಂತ್ರದ ಪಕ್ಕ ಗಿರಾಕಿಯ ಹಾಗೆ ನಿಂತೆ. ಅಲ್ಲಿಂದ ಪರದೆ ಕಾಣುತ್ತಿರಲಿಲ್ಲ, ಬೆನ್ನುಗಳು ಮಾತ್ರ. ಬೆನ್ನುಗಳಿಂದಲೂ ಕಲಿಯುವುದು ಬೇಕಾದಷ್ಟಿದೆ.

ನೀಲಿ ಬಟ್ಟೆ ಟೋಪಿಯ ಹೆಂಗಸು ಕಣ್ಣಿಗೆ ಬಿದ್ದದ್ದು ಮೊದಲ ಗಂಟೆಯಲ್ಲೇ. ಐವತ್ತರ ಆಸುಪಾಸು, ಮುಖಕ್ಕೆ ಮಾಸ್ಕು. ಅಂಥವರು ನಮ್ಮ ಪರೀಕ್ಷೆಗೆ ಬರುವುದಿಲ್ಲ. ಮೊದಲ ಸಲ ಆಡಿ ಎದ್ದವಳು ಸೀದಾ ಬಾಗಿಲ ಬಳಿ ಬೀಸಣಿಗೆ ಹಂಚುತ್ತಿದ್ದ ಹಿರುಕಾವಾನ ಹತ್ತಿರ ಹೋದಳು. ಅವನ ಕೊರಳಲ್ಲಿ ಸಿಬ್ಬಂದಿಯ ಗುರುತಿನ ಚೀಟಿ ಇತ್ತು, ಅದೇನೋ ಸರಿ. ಆದರೆ ಅವಳು ಬಗ್ಗಿ ಪಿಸುಗುಟ್ಟಿದಳು. ಅವನು ಒಂದು ಕ್ಷಣ ನಗು ನಿಲ್ಲಿಸಿದ. ಆಮೇಲೆ ಸೊಂಟ ಬಗ್ಗಿಸಿ ನಮಸ್ಕರಿಸಿ, ಅವಳ ಕೈಗೆ ಒಂದು ಬೀಸಣಿಗೆ ಕೊಟ್ಟ. ಅವಳು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಳು.

ನಾನು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದೆ. ಹತ್ತು ನಲವತ್ತೆರಡು, ಬಲ ಕುರ್ಚಿ, ಎಂದು ಬರೆದೆ.

ಹನ್ನೊಂದೂವರೆಗೆ ಮತ್ತೆ ಅವಳ ಸರದಿ ಬಂತು. ಮುಂದಿದ್ದವನು ಬಲ ಕುರ್ಚಿ ಹಿಡಿದಿದ್ದ, ಉಳಿದದ್ದು ಎಡ ಕುರ್ಚಿ. ಅವಳು ಕೂರಲಿಲ್ಲ. ಹಿಂದಿನವನಿಗೆ ಜಾಗ ಬಿಟ್ಟುಕೊಟ್ಟು ಒಂದು ಪಂದ್ಯ ಕಾದು ಬಲ ಕುರ್ಚಿಯಲ್ಲೇ ಕೂತಳು. ಮೂರನೆಯ ಸಲವೂ ಹಾಗೆಯೇ. ಸರದಿಗೆ ಕಾಯುವ ಹುಡುಗರನ್ನು ಹತ್ತು ವರ್ಷದಿಂದ ನೋಡಿದ್ದೇನೆ, ಸರದಿ ಬಂದ ಮೇಲೆ ಬಿಟ್ಟುಕೊಡುವವರನ್ನು ನೋಡಿರಲಿಲ್ಲ. ಇದು ಸಂಕೇತವಲ್ಲದೆ ಇನ್ನೇನು? ಬಲಗಡೆಯಿಂದ ಬಂದ ಮತಗಳು ನಮ್ಮವು ಎಂದು ಹಿರುಕಾವಾ ಲೆಕ್ಕ ಇಟ್ಟುಕೊಳ್ಳಲು ಮಾಡಿದ ಏರ್ಪಾಡು ಎಂದು ನನಗೆ ಸ್ಪಷ್ಟವಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆ ಹೊತ್ತಿನಲ್ಲಿ ಯಾರಾದರೂ ಹಾಗೆಂದಿದ್ದರೆ ಹಳದಿಯೇ ಆಗಿರುವುದನ್ನು ಮತ್ತೇನೆಂದು ಹೇಳಲಿ ಎಂದು ಜಗಳಕ್ಕೆ ಹೋಗುತ್ತಿದ್ದೆ.

ಶುಕ್ರವಾರ ಐದು ಸಲ. ಶನಿವಾರವೂ ಐದು. ಪ್ರತಿ ಸಲದ ಹೊತ್ತನ್ನೂ ಬರೆದುಕೊಂಡೆ. ಅವಳು ಒಂದೆರಡು ಸಲ ತಿರುಗಿ ಕಾಫಿ ಯಂತ್ರದ ಕಡೆ ನೋಡಿದಳು. ನಾನು ಲೋಟ ಬಾಯಿಗೆ ಹಿಡಿದೆ. ಆ ಎರಡು ದಿನದಲ್ಲಿ ನಾನು ಕುಡಿದ ಕಾಫಿಗೆ ಲೆಕ್ಕವಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಹನ್ನೊಂದನೆಯ ಸಲ ಆಡಿ, ಮತ್ತೆ ಸಾಲಿಗೆ ಸೇರಿ, ಸರದಿ ಹತ್ತಿರ ಬರುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಕೌಂಟರಿಗೆ ಹೋದೆ.

"ಒಬಾಚಾನ್, ಆ ನೀಲಿ ಟೋಪಿ ಮೂರು ದಿನದಿಂದ ಇಲ್ಲೇ ಬೀಡು ಬಿಟ್ಟಿದಾಳೆ. ದೂರದಿಂದ ಬಂದೋರಿಗೆ ಸರದಿ ಸಿಗ್ತಿಲ್ಲ. ಸಾಕು ಅಂತ ಹೇಳಿ."

"ಸಾಲಲ್ಲಿ ನಿಂತ್ಕೊಂಡೇ ಆಡ್ತಿದಾಳಲ್ಲೇ. ಏನು ತಪ್ಪು?"

"ತಪ್ಪಿದೆ. ಈಗ ಹೇಳೋಕಾಗಲ್ಲ."

"ಆಡೋರನ್ನ ಓಡ್ಸಿ ನಲವತ್ತು ವರ್ಷದಲ್ಲಿ ನಂಗೆ ರೂಢಿ ಇಲ್ಲ ಕಣೆ."

"ಇದು ಕಂಪನಿ ಪರೀಕ್ಷೆ, ಒಬಾಚಾನ್. ನಿಮ್ಮ ಜಾಗ, ನಮ್ಮ ಯಂತ್ರ."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಏಪ್ರನ್ನಿನಲ್ಲಿ ಕೈ ಒರೆಸಿಕೊಂಡು ಹೋಗಿ ಆ ಹೆಂಗಸಿನ ಕಿವಿಯಲ್ಲಿ ಏನೋ ಹೇಳಿದಳು. ಹೆಂಗಸು ವಾದ ಮಾಡಲಿಲ್ಲ. ತಲೆ ಬಗ್ಗಿಸಿ ಸಾಲಿನಿಂದ ಈಚೆ ಬಂದಳು. ಬೀಸಣಿಗೆಯನ್ನು ಮಡಿಕೆ ಬೀಳದ ಹಾಗೆ ಚೀಲದಲ್ಲಿಟ್ಟು, ಅಭಿಪ್ರಾಯದ ಹಾಳೆಯೊಂದನ್ನು ತುಂಬಿಸಿ ಡಬ್ಬಕ್ಕೆ ಹಾಕಿ, ಹೊರಟುಹೋದಳು. ಒಬಾಚಾನ್ ಬಾಗಿಲವರೆಗೂ ಹೋಗಿ ಅವಳ ಕೈಗೆ ಮಿಠಾಯಿ ಹಾಕಿದಳು. ಒಂದಲ್ಲ, ಹಿಡಿ ತುಂಬ. ಕಳ್ಳಿ ಸದ್ದಿಲ್ಲದೆ ಹೋದಳು, ಹಾಗಾದರೆ ಕಳ್ಳಿಯೇ, ಎಂದುಕೊಂಡೆ.

ಸೋಮವಾರ ಒತೊನಾಶಿ ಫಲಿತಾಂಶ ಓದಿದರು. ಫುಯುಮೆ ನೂರ ಐವತ್ತೆಂಟು ಸಲ. ಗೊನ್ರೊಕು ನೂರ ಅರವತ್ತಮೂರು ಸಲ.

ನಾನು ಮೇಜಿನ ಕೆಳಗೆ ನನ್ನದೇ ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡೆ. ಹತ್ತು ವರ್ಷದಲ್ಲಿ ಅಷ್ಟು ಸಂತೋಷ ನನಗೆ ಆಗಿದ್ದಿಲ್ಲ. ಹಿರುಕಾವಾ ಎದ್ದು ಬಂದು "ಅಭಿನಂದನೆ ನುಕಾಗಾ-ಸಾನ್, ಜನಾನೇ ನಿಮ್ ಕಡೆ ಬಂದ್ರು" ಎಂದ. ನಗುತ್ತಿದ್ದ. ಸೋತವನು ನಗುತ್ತಿದ್ದಾನೆ ಎಂದರೆ ಏನರ್ಥ?

ಬುದ್ಧಿಯಿದ್ದವಳು ಅಲ್ಲಿಗೆ ಬಿಡುತ್ತಿದ್ದಳು. ಜಾಗ ಸಿಕ್ಕಿತ್ತು, ಮುದುಕ ಉಳಿದಿದ್ದ. ಆದರೆ ನನಗೆ ಗೆದ್ದದ್ದು ಸಾಲಲಿಲ್ಲ. ಅವನು ಮೋಸ ಮಾಡಿಯೂ ಸೋತ ಎಂಬುದನ್ನು ಎಲ್ಲರೆದುರು ತೋರಿಸಬೇಕಿತ್ತು. ಯಂತ್ರದೊಳಗೆ ಪ್ರತಿ ಆಟದ ದಾಖಲೆ ಇರುತ್ತದೆ: ಯಾವ ಹೊತ್ತು, ಯಾವ ಕುರ್ಚಿ, ಯಾರನ್ನು ಆರಿಸಿದರು, ಆರಿಸಲು ಎಷ್ಟು ಹೊತ್ತು ತೆಗೆದುಕೊಂಡರು. ಮಂಗಳವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಆ ದಾಖಲೆಯ ಪಕ್ಕ ನನ್ನ ಪುಟ್ಟ ನೋಟ್‌ಬುಕ್ ಇಟ್ಟುಕೊಂಡು ಕೂತೆ.

ಶುಕ್ರವಾರ, ಹತ್ತು ನಲವತ್ತೆರಡು, ಬಲ ಕುರ್ಚಿ: ಗೊನ್ರೊಕು.

ನಾನು ಹೊತ್ತನ್ನು ತಪ್ಪಾಗಿ ಬರೆದುಕೊಂಡಿದ್ದೇನೆ ಎಂದುಕೊಂಡೆ. ಮುಂದಿನದು ನೋಡಿದೆ. ಗೊನ್ರೊಕು. ಅದರ ಮುಂದಿನದು, ಗೊನ್ರೊಕು. ಹನ್ನೊಂದಕ್ಕೆ ಹನ್ನೊಂದೂ ಗೊನ್ರೊಕು.

ಹಿರುಕಾವಾ ತಂದು ನಿಲ್ಲಿಸಿದವಳು ನನ್ನ ಮುದುಕನನ್ನು ಆರಿಸಿದ್ದಾಳೆ! ಇದರಲ್ಲಿ ಇನ್ನೂ ಆಳದ ಕುತಂತ್ರವಿರಬೇಕು ಎಂದು ನನ್ನ ತಲೆ ಓಡಿತು. ಆ ತಲೆಯ ಬಗ್ಗೆ ನನಗೆ ಈಗ ನಾಚಿಕೆಯಾಗುತ್ತದೆ. ಕುತಂತ್ರ ಹುಡುಕಲು ಗೊನ್ರೊಕುವಿನ ಉಳಿದ ನೂರ ಐವತ್ತೆರಡನ್ನೂ ತೆಗೆದೆ. ಅವೆಲ್ಲವೂ ಎಡ ಕುರ್ಚಿಯವು. ಬಲ ಕುರ್ಚಿಯಿಂದ ಅವಳನ್ನು ಬಿಟ್ಟು ಒಬ್ಬರೂ ಗೊನ್ರೊಕುವನ್ನು ಆರಿಸಿರಲಿಲ್ಲ. ಎಡ ಕುರ್ಚಿಯವರು ಆರಿಸಲು ತೆಗೆದುಕೊಂಡ ಹೊತ್ತು: ಅರ್ಧ ಸೆಕೆಂಡು, ಅರ್ಧ ಸೆಕೆಂಡು, ಮುಕ್ಕಾಲು, ಅರ್ಧ. ಯಾರನ್ನು ಆರಿಸಲಿ ಎಂದು ನೋಡಲೂ ಸಾಲದ ಹೊತ್ತು. ಗುಂಡಿ ಒತ್ತಲು ಮಾತ್ರ ಸಾಕು.

ಆಗ ಅರ್ಥವಾಯಿತು.

ಜಟ್ಟಿಗಳನ್ನು ಆರಿಸುವ ಪರದೆಯಲ್ಲಿ ಹದಿನೇಳು ಮುಖಗಳ ಚೌಕ. ಅದು ತೆರೆದಾಗ ಎಡ ಆಟಗಾರನ ಕರ್ಸರ್ ಒಂದು ಮುಖದ ಮೇಲೆ, ಬಲ ಆಟಗಾರನದು ಗೊನ್ರೊಕುವೂ ಅಲ್ಲದ ಫುಯುಮೆಯೂ ಅಲ್ಲದ ಇನ್ನೊಂದು ಮುಖದ ಮೇಲೆ ಬಂದು ನಿಂತಿರುತ್ತದೆ. ಅಂಗಡಿಗೆ ಹೋಗುವ ಪ್ರತಿಯಲ್ಲಿ ಎಡ ಕರ್ಸರ್ ನಾಯಕನ ಮೇಲಿರುತ್ತದೆ. ಆದರೆ ನನ್ನ ಮೇಜಿನ ಪ್ರತಿಯಲ್ಲಿ ಅದು ಗೊನ್ರೊಕುವಿನ ಮೇಲಿರುತ್ತದೆ. ದಿನಕ್ಕೆ ಐವತ್ತು ಸಲ ಅವನನ್ನು ಹುಡುಕಿ ಹೋಗುವುದು ಬೇಡವೆಂದು ಹತ್ತು ವರ್ಷದ ಹಿಂದೆ ನಾನೇ ಹಾಗೆ ಇಟ್ಟಿದ್ದೆ. ತೊಳೆದು ಒರೆಸುವವರ ಕೈಗೆ ಹೋಗಿದ್ದರೆ ಅವರು ಮೊದಲು ಸರಿಪಡಿಸುತ್ತಿದ್ದದ್ದು ಅದನ್ನೇ. ಯಂತ್ರವನ್ನು ನಾನು ಜೋಡಿಸಿ ಪರೀಕ್ಷಿಸಿದಾಗಲೂ ಅದು ಕಣ್ಣಿಗೆ ಬೀಳಲಿಲ್ಲ. ನನ್ನ ಕಣ್ಣಿಗೆ ಅದು ಇರಬೇಕಾದ ಜಾಗದಲ್ಲೇ ಇತ್ತು.

ಹೊಸ ಆಟ, ಹಿಂದೆ ಮೂವತ್ತು ಜನರ ಸಾಲು, ಯಾರಾದರೇನು ಎಂದು ಗುಂಡಿ ಒತ್ತಿದವರೆಲ್ಲರಿಗೂ ಗೊನ್ರೊಕು ಸಿಕ್ಕಿದ್ದ. ಅವರಲ್ಲಿ ಒಬ್ಬಿಬ್ಬರು ನಿಜವಾಗಿ ಅವನಿಗಾಗಿಯೇ ಬಂದಿರಬಹುದು. ಹೇಳಲು ಬರುವುದಿಲ್ಲ. ಆಣೆ ಮಾಡಿ ಹೇಳಬಹುದಾದದ್ದು ಒಬ್ಬಳ ಬಗ್ಗೆ ಮಾತ್ರ. ಅವಳನ್ನು ಸಾಲಿನಿಂದ ಹೊರಗೆ ಕಳಿಸಿದವಳು ನಾನು.

ಅಭಿಪ್ರಾಯದ ಹಾಳೆಗಳ ಕಟ್ಟನ್ನು ಬಿಚ್ಚಿದೆ. ಯಾರೂ ಇನ್ನೂ ಓದಿರಲಿಲ್ಲ. ಭಾನುವಾರದ್ದರಲ್ಲಿ ಸಿಕ್ಕಿತು. ಮಿನೋಬೆ ಸಾವಾ, ಐವತ್ತೊಂದು ವರ್ಷ, ವಾಕಾಯಾಮಾದ ಗೊಬೋ ಊರು, ಉಮೆ ಎಂಬ ಹುಳಿಹಣ್ಣಿನ ಉಪ್ಪಿನಕಾಯಿ ಕಾರ್ಖಾನೆ. ಕೆಳಗೆ ಗುಂಡಗಿನ ಅಕ್ಷರ.

"ಎಡಗಡೆ ಕೂತರೆ ಗೊನ್ರೊಕು ತಾನಾಗಿಯೇ ಬರುತ್ತಾನೆ. ಏನೋ ತಪ್ಪಾಗಿದೆ ಅನ್ನಿಸಿತು, ಮೊದಲ ದಿನವೇ ನಿಮ್ಮವರಿಗೆ ಹೇಳಿದ್ದೇನೆ. ತಾನಾಗಿ ಬಂದವನನ್ನು ನಾನು ಆರಿಸಿದೆ ಅಂತ ಹೇಗೆ ಹೇಳಲಿ? ಅದಕ್ಕೆ ಬಲಗಡೆಯೇ ಕೂತೆ. ಅಲ್ಲಿಂದ ಅವನ ತನಕ ಒಂಬತ್ತು ಮನೆ ದಾಟಬೇಕು. ಈ ಸಲ ಅವನ ಮೊಣಕಾಲಿಗೆ ಸ್ವಲ್ಪ ಆರಾಮ ಕೊಡಿ. ನಿಂತೇ ಕೆಲಸ ಮಾಡುವವರಿಗೆ ಅದರ ನೋವು ಗೊತ್ತಿರುತ್ತದೆ."

ಹಾಳೆಯನ್ನು ಹಿಡಿದುಕೊಂಡೇ ಹಿರುಕಾವಾನ ಮೇಜಿಗೆ ಹೋದೆ. ಅವನು ಡಬ್ಬಿಯಿಂದ ಮಧ್ಯಾಹ್ನದ ಊಟ ಮಾಡುತ್ತಿದ್ದ.

"ಮೊದಲ ದಿನಾನೇ ನಿಮ್ಗೆ ಗೊತ್ತಿತ್ತು."

ಅವನು ಊಟದ ಕಡ್ಡಿಗಳನ್ನು ಕೆಳಗಿಟ್ಟ. ಅವನ ಮುಖದಲ್ಲಿ ನಗುವಿರಲಿಲ್ಲ. ನಗುವಿಲ್ಲದೆ ಅವನು ದಣಿದವನ ಹಾಗೆ ಕಂಡ.

"ಗೊತ್ತಿತ್ತು. ಆ ಹೆಂಗಸು ಬಂದು ಹೇಳಿದ್ರು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ? ನಿಮ್ ಹುಡುಗಿ ಸೋಲ್ತಿದ್ಲು."

"ನೀವೇ ಬೇಕಂತ ಮಾಡಿದೀರಿ ಅಂದ್ಕೊಂಡೆ."

ನನ್ನ ಕೈ ಕೊರಳಲ್ಲಿದ್ದ ಬೀಗದ ಕೈಗೆ ಹೋಯಿತು.

"ಬೇರೆ ಯಾರ ಕೈಗೂ ಬೋರ್ಡ್ ಕೊಡ್ಲಿಲ್ಲ, ಬೀಗದ ಕೈ ಕೊರಳಲ್ಲಿ. ಇನ್ನೇನು ಅಂದ್ಕೊಳ್ಳಲಿ ಹೇಳಿ? ನುಕಾಗಾ-ಸಾನ್ ಹತ್ತು ವರ್ಷದಲ್ಲಿ ಒಂದೇ ಒಂದ್ಸಲ ಸುಳ್ಳು ಹೇಳ್ತಿದಾರೆ, ಅದೂ ಆ ಮುದುಕನಿಗೋಸ್ಕರ. ಹೋಗ್ಲಿ ಬಿಡು ಅನ್ನಿಸ್ತು." ಅವನು ಡಬ್ಬಿಯ ಮುಚ್ಚಳ ಹಾಕಿದ. "ಫುಯುಮೆ ಈ ಸಲ ಇಲ್ದಿದ್ರೆ ಮುಂದಿನ್ಸಲ ಬರ್ತಾಳೆ. ಅವನು ಈಗ ಹೋದ್ರೆ ಹೋದ. ಅಷ್ಟು ನಂಗೂ ಗೊತ್ತಾಗುತ್ತೆ."

ಅವನನ್ನು ಮೂರು ದಿನ ಕಳ್ಳ ಎಂದುಕೊಂಡಿದ್ದೆ. ಅವನೂ ನನ್ನನ್ನು ಹಾಗೆಯೇ ಅಂದುಕೊಂಡಿದ್ದ, ಆದರೂ ಕ್ಷಮಿಸಿದ್ದ. ಯಾವುದು ಹೆಚ್ಚು ನೋಯಿಸಿತು ಎಂದು ಈಗಲೂ ಹೇಳಲಾರೆ.

"ಒತೊನಾಶಿ ಅವ್ರಿಗೆ ಹೇಳೋಕೆ ಹೋಗ್ತಿದೀನಿ," ಎಂದೆ.

"ಯೋಚ್ನೆ ಮಾಡಿ. ಹಾಳೆ ನಿಮ್ಮ ಕೈಲಿದೆ, ದಾಖಲೆ ನಿಮ್ಮ ಹತ್ರ ಇದೆ. ನಾನು ಊಟ ಮಾಡ್ತಿದ್ದೆ, ಏನೂ ಕೇಳಿಸ್ಕೊಂಡಿಲ್ಲ."

ಕಾರಿಡಾರಿನಲ್ಲಿ ಎರಡು ಸಲ ನಿಂತೆ. ಸುಮ್ಮನಿದ್ದುಬಿಟ್ಟರೆ ಗೊನ್ರೊಕು ಉಳಿಯುತ್ತಾನೆ. ನಾನು ಕೇಳಿದ್ದೂ ಅದನ್ನೇ. ಆಟಕ್ಕೆ ಅವನು ಬೇಕು ಎಂಬ ನನ್ನ ಮಾತು ಇವತ್ತಿಗೂ ಸುಳ್ಳಲ್ಲ. ಆದರೆ ಆ ಹೆಂಗಸು ಸುಲಭವಾಗಿ ಸಿಗುತ್ತಿದ್ದದ್ದನ್ನು ಬಿಟ್ಟು, ಸರದಿ ಬಿಟ್ಟುಕೊಟ್ಟು, ಒಂಬತ್ತು ಮನೆ ದಾಟಿ ಹೋಗಿದ್ದಳು, ತನ್ನ ಆಯ್ಕೆ ಲೆಕ್ಕಕ್ಕೆ ಸಿಗಲಿ ಎಂದು. ಆ ಹನ್ನೊಂದರ ಜೊತೆಗೆ ನನ್ನ ನೂರ ಐವತ್ತೆರಡು ಸುಳ್ಳನ್ನು ಬೆರೆಸಿದರೆ ಅವಳದೂ ಸುಳ್ಳಾಗುತ್ತಿತ್ತು.

ಒತೊನಾಶಿ ಪೂರ್ತಿ ಕೇಳಿದರು, ಬೈಯಲಿಲ್ಲ. "ಹಾಗಾದ್ರೆ ಫುಯುಮೆ," ಎಂದು ಮಾತ್ರ ಹೇಳಿದರು. ನಾನು ಬಾಗಿಲ ಹತ್ತಿರ ಹೋದಾಗ, "ಬಾಲದಲ್ಲಿ ಎತ್ತಿ ಎಸೆಯೋದನ್ನ ಕಲಿಸ್ತೀರಾ?" ಎಂದು ಕೇಳಿದರು. ಕಲಿಸುತ್ತೇನೆ ಎಂದೆ. ಒಂದು ವಾರವೂ ಬೇಕಾಗಲಿಲ್ಲ. ಫುಯುಮೆ ಮೊದಲು ಎತ್ತಿ ಎಸೆದದ್ದು ನನ್ನ ಮೇಜಿನ ಪ್ರತಿಯಲ್ಲಿದ್ದ ಗೊನ್ರೊಕುವನ್ನೇ.

ಮುಂದಿನ ಶನಿವಾರ ನಿಪ್ಪೊಂಬಾಶಿಗೆ ಹೋದೆ. ಒಬಾಚಾನ್ ನನಗೆ ಮಿಠಾಯಿ ಕೊಡಲಿಲ್ಲ. ನಾನು ಆಗಿದ್ದೆಲ್ಲ ಹೇಳಿದ ಮೇಲೂ ಕೊಡಲಿಲ್ಲ.

"ಅವ್ಳು ತಿಂಗಳಿಗೊಂದ್ಸಲ ಬರ್ತಾಳೆ, ಇಪ್ಪತ್ತು ವರ್ಷದಿಂದ," ಎಂದಳು. "ನೀನು ಕೇಳಿದ್ರೆ ಹೇಳ್ತಿದ್ದೆ. ನೀನು ಕೇಳ್ಲಿಲ್ಲ, ಓಡ್ಸು ಅಂತ ಅಪ್ಪಣೆ ಕೊಟ್ಟೆ."

ದಾರ ಕಟ್ಟಿದ ನೋಟ್‌ಬುಕ್ಕಿನಲ್ಲಿ ಖಾಲಿ ಪುಟ ಹುಡುಕಿ ಬರೆದೆ.

"ಬಲಗಡೆ ಕುರ್ಚಿಯಲ್ಲಿ ಕೂತಿದ್ದ ಮಿನೋಬೆ-ಸಾನ್ ಅವರಿಗೆ. ನಿಮ್ಮನ್ನು ಸಾಲಿನಿಂದ ಹೊರಗೆ ಕಳಿಸಿದ್ದು ಒಬಾಚಾನ್ ಅಲ್ಲ, ನಾನು. ನಿಮ್ಮನ್ನು ಮೋಸಗಾರಳು ಅಂದುಕೊಂಡಿದ್ದೆ. ಕರ್ಸರಿನ ತಪ್ಪೂ ನನ್ನದೇ. ಹೊಸ ಆಟದಲ್ಲಿ ಗೊನ್ರೊಕು ಇರುವುದಿಲ್ಲ. ನೀವು ಅವನನ್ನು ಹನ್ನೊಂದು ಸಲ ಆರಿಸಿದ್ದು ನನ್ನ ಹತ್ತಿರ ಬರೆದಿದೆ. ತಪ್ಪಾಯಿತು. ಆಟ ಹದ ಮಾಡುವ ನುಕಾಗಾ."

ಪ್ರತಿ ಶನಿವಾರ ಹೋಗಿ ನೋಡಿದೆ. ಮೊದಲ ವಾರ ನನ್ನ ಪುಟದ ಅಂಚಿನಲ್ಲಿ ಯಾರೋ ಫುಯುಮೆಯ ಚಿತ್ರ ಬಿಡಿಸಿದ್ದರು. ಎರಡನೆಯ ವಾರ ಏನೂ ಇರಲಿಲ್ಲ. ಇನ್ನು ಬರುವುದಿಲ್ಲ, ಯಾಕೆ ಬರುತ್ತಾಳೆ, ಎಂದುಕೊಂಡೆ. ನಾಲ್ಕನೆಯ ವಾರ ಗುಂಡಗಿನ ಅಕ್ಷರ ಕಂಡಿತು.

"ಕಾಫಿ ಯಂತ್ರದ ಪಕ್ಕ ನಿಂತಿದ್ದವರು ನೀವೇನಾ? ಕಂಪನಿಯವರು ಯಾರೋ ನಾನು ಆಡಿದ್ದನ್ನು ಬರೆದುಕೊಳ್ಳುತ್ತಿದ್ದಾರೆ ಅಂತ ಗೊತ್ತಾಗಿತ್ತು. ಸಂತೋಷವಾಯಿತು. ಅದಕ್ಕೇ ಮತ್ತೆ ಮತ್ತೆ ಸಾಲಿನಲ್ಲಿ ನಿಂತೆ. ಆದರೆ ನಿಮ್ಮ ಲೆಕ್ಕದಲ್ಲಿ ಒಂದು ಕಡಿಮೆಯಿದೆ. ಹನ್ನೆರಡನೆಯ ಸಲ ನನ್ನ ಮುಂದೆ ಇಬ್ಬರೇ ಇದ್ದರು. ಅದನ್ನೂ ಬರೆದುಕೊಳ್ಳಿ."

ಅಲ್ಲೇ ಕೌಂಟರಿನ ಮೇಲೆ ನನ್ನ ಪುಟ್ಟ ನೋಟ್‌ಬುಕ್ ಬಿಚ್ಚಿದೆ. ಕಣ್ಣು ಮಂಜಾಗಿ ಸಾಲು ಸರಿಯಾಗಿ ಕಾಣುತ್ತಿರಲಿಲ್ಲ. ಭಾನುವಾರದ ಕೆಳಗೆ, ಹನ್ನೆರಡು, ಬಲ ಕುರ್ಚಿ, ಗೊನ್ರೊಕು, ಎಂದು ಬರೆದೆ.